ನಿರಾಳವಾಗಿ ಕೇಳೋಕೆ ಒಂದೇ ಒಂದು ಜಾಝ್ ಪಿಯಾನೋ ಆಲ್ಬಂ ಬೇಕು ಅಂದ್ರೆ ಯಾವುದು?

ಒಬ್ಬ ಗೆಳೆಯ ಹಿಂದೊಮ್ಮೆ ಕೇಳಿದ್ದ, ಜಾಸ್ತಿ ಗಲಾಟೆ ಇಲ್ದೆ ಇರೋ, ಪಿಯಾನೋ ಮುಖ್ಯವಾಗಿರೋ, ಹಂಗಂತ ಲಿಫ್ಟ್‌ನಲ್ಲಿ ಹಾಕ್ತಾರಲ್ಲ ಆ ಥರದ್ದೂ ಅಲ್ಲದ ಒಂದು ಜಾಝ್ ಆಲ್ಬಂ ಹೇಳು ಅಂತ. ನಾನು ಆಗ ಜಾಝ್ ಕೇಳೋಕೆ ಶುರು ಮಾಡಿ ಸ್ವಲ್ಪ ದಿನ ಆಗಿತ್ತಷ್ಟೇ, ಎಲ್ಲಾ ಗೊತ್ತಿರೋನ ಥರ ಪೋಸ್ ಕೊಡೋ ಕಾಲ, ಡ್ಯೂಕ್ ಎಲಿಂಗ್ಟನ್ ಅಂದ್ರೆ ದೊಡ್ಡ ಹೆಸರು, ಅರವತ್ತು ದಾಟಿದ ಮನುಷ್ಯ, ನುಡಿಸಿರೋರು ಬರೀ ಮೂರೇ ಜನ, ಇನ್ನೇನು ಬೇಕು ಅಂತ ಹಿಂದೆಮುಂದೆ ನೋಡದೆ 'ಮನಿ ಜಂಗಲ್' ಅಂತ ಹೇಳ್ಬಿಟ್ಟೆ. 1962ರ ರೆಕಾರ್ಡಿಂಗ್ ಅದು, ಬೇಸ್‌ನಲ್ಲಿ (ನಿಲ್ಲಿಸಿ ನುಡಿಸೋ ದೊಡ್ಡ ಪಿಟೀಲಿನಂಥ ವಾದ್ಯ) ಚಾರ್ಲ್ಸ್ ಮಿಂಗಸ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಕೇಳಿದೋರಿಗೆ ಗೊತ್ತಿರುತ್ತೆ, ಆ ಹೆಸರಿನ ಹಾಡು ಶುರುವಾಗೋದೇ ಮಿಂಗಸ್ ತಂತಿನ ಕಿತ್ತು ಕೈಗೆ ಬರೋ ಹಾಗೆ ಎಳೆಯೋದ್ರಿಂದ, ಆಮೇಲೆ ಮೂರೂ ಜನ ಒಬ್ಬರ ಮೇಲೊಬ್ಬರು ಬೀಳ್ತಾನೇ ಇರ್ತಾರೆ. ಅದ್ಭುತ ಆಲ್ಬಂ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ನಿರಾಳ ಅನ್ನೋ ಪದಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ. ಎರಡು ದಿನ ಬಿಟ್ಟು ಅವನು ಹೇಳಿದ್ದು ಒಂದೇ ಮಾತು, "ಮಾರಾಯ, ಇದು ರಿಲ್ಯಾಕ್ಸ್ ಆಗೋಕಾ, ಇಲ್ಲಾ ಜಗಳ ಆಡೋಕಾ?"

ಆವತ್ತಿಂದ ಯಾರಾದ್ರೂ ಈ ಪ್ರಶ್ನೆ ಕೇಳಿದ್ರೆ ನಾನು ಒಂದು ಹೆಸರು ಹೇಳಿ ಕೈ ತೊಳ್ಕೊಳಲ್ಲ, ನಾಲ್ಕೈದು ಆಲ್ಬಂ ಪಕ್ಕಪಕ್ಕ ಇಟ್ಟು, ನಿಮಗೆ ಬೇಕಾಗಿರೋ ನಿರಾಳ ಯಾವ ಥರದ್ದು ಅಂತ ಮೊದ್ಲು ಕೇಳ್ತೀನಿ. ಯಾಕಂದ್ರೆ ಬಹಳ ಜನ ನಿಧಾನ ಅನ್ನೋದನ್ನೇ ನಿರಾಳ ಅಂದ್ಕೊಂಡಿರ್ತಾರೆ. ಬಿಲ್ ಇವಾನ್ಸ್ ಅವರ 'ಯು ಮಸ್ಟ್ ಬಿಲೀವ್ ಇನ್ ಸ್ಪ್ರಿಂಗ್' ಇದೆಯಲ್ಲ, 1977ರಲ್ಲಿ ರೆಕಾರ್ಡ್ ಆಗಿ, 1980ರಲ್ಲಿ ಅವರು ತೀರಿಹೋದ ಮೇಲೆ 1981ರಲ್ಲಿ ಹೊರಗೆ ಬಂದಿದ್ದು, ಅದನ್ನ ಮಲಗೋಕೆ ಮುಂಚೆ ಕೇಳಿ ಅಂತ ಸಿಕ್ಕಸಿಕ್ಕೋರೆಲ್ಲ ರೆಕಮೆಂಡ್ ಮಾಡ್ತಾರೆ. ಮೆತ್ತಗೇನೋ ಇದೆ, ಆದ್ರೆ ಮೊದಲ ಹಾಡೇ ತೀರಿಹೋದ ಸಂಗಾತಿಯ ನೆನಪಿಗೆ ಬರೆದಿದ್ದು, ಇಡೀ ಆಲ್ಬಂ ಮೇಲೆ ಒಂದು ಭಾರ ಕೂತಿದೆ, ಮನಸ್ಸು ಸರಿ ಇಲ್ಲದ ದಿನ ಹಾಕ್ಕೊಂಡ್ರೆ ಎದೆ ಮೇಲೆ ಕಲ್ಲು ಇಟ್ಟ ಹಾಗಾಗುತ್ತೆ. ಅದಕ್ಕೆ ಉಲ್ಟಾ, ಸಾಕಷ್ಟು ಸ್ಪೀಡಾಗಿ ಹೋಗೋ ಹಾಡು ಕೇಳ್ತಾ ಕೇಳ್ತಾ ನಿಮ್ಮ ಭುಜ ಇಳಿಯೋದೂ ಉಂಟು.

ನನ್ನ ಪ್ರಕಾರ ನಿರಾಳ ಅಂದ್ರೆ ನುಡಿಸ್ತಾ ಇರೋರಿಗೆ ಯಾರಿಗೂ ಏನೂ ಪ್ರೂವ್ ಮಾಡಬೇಕಾಗಿಲ್ಲ ಅನ್ನೋದು ಕಿವಿಗೆ ಗೊತ್ತಾಗೋದು, ಅಷ್ಟೇ. ಅದಕ್ಕೇ ವಯಸ್ಸಾದ ಪಿಯಾನಿಸ್ಟ್‌ಗಳನ್ನ ಹುಡುಕಬೇಕು ಅನ್ನೋದು. ಇಪ್ಪತ್ತೈದರ ಹುಡುಗನಿಗೆ ಕೈಯಲ್ಲಿ ಇರೋದನ್ನೆಲ್ಲ ತೋರಿಸೋ ಆತುರ ಇರುತ್ತೆ, ಅದು ತಪ್ಪೂ ಅಲ್ಲ, ಎಪ್ಪತ್ತರವರು ಹತ್ತು ಸ್ವರ ಹಾಕೋ ಜಾಗದಲ್ಲಿ ಮೂರು ಹಾಕಿ ಕೈ ಎತ್ತಿಬಿಡ್ತಾರೆ, ಉಳಿದಿದ್ದನ್ನ ಬೇಸ್‌ನೋರು ತುಂಬ್ಕೊಳ್ತಾರೆ, ಇಲ್ಲಾ ಯಾರೂ ತುಂಬಲ್ಲ, ಖಾಲಿ ಇರುತ್ತೆ, ಆ ಖಾಲಿ ಜಾಗದಲ್ಲೇ ಕೇಳೋರಿಗೆ ಉಸಿರಾಡೋಕೆ ಆಗೋದು. ಇನ್ನೊಂದು ಸುಳಿವು ನಾನೇ ಕಂಡ್ಕೊಂಡಿದ್ದು, ಎಲ್ಲೂ ಓದಿದ್ದಲ್ಲ: ಹಾಡುಗಾರ್ತಿಯರ ಹಿಂದೆ ವರ್ಷಗಟ್ಟಲೆ ಕೂತು ನುಡಿಸಿರೋ ಪಿಯಾನಿಸ್ಟ್ ಯಾರು ಅಂತ ನೋಡಿ. ಹ್ಯಾಂಕ್ ಜೋನ್ಸ್, ಟಾಮಿ ಫ್ಲಾನಗನ್ ಇಬ್ಬರೂ ಬೇರೆಬೇರೆ ಕಾಲದಲ್ಲಿ ಎಲಾ ಫಿಟ್ಜ್‌ಜೆರಾಲ್ಡ್ ಜೊತೆ ನುಡಿಸಿದೋರು, ಫ್ಲಾನಗನ್ ಅಂತೂ ಎರಡು ಸಲ ಸೇರಿ ಹತ್ತು ವರ್ಷಕ್ಕಿಂತ ಜಾಸ್ತಿ. ಹಾಡೋರು ಎಲ್ಲಿ ಉಸಿರು ತಗೋತಾರೆ ಅಂತ ಕಾಯ್ತಾ ಕಾಯ್ತಾ ಇವರ ಕೈಗೂ ಉಸಿರು ತಗೊಳ್ಳೋ ಅಭ್ಯಾಸ ಆಗ್ಬಿಟ್ಟಿರುತ್ತೆ ಅನ್ಸುತ್ತೆ.

ಸರಿ, ಈಗ ಆಲ್ಬಂಗಳಿಗೆ ಬರೋಣ. ಮೊದಲು ಡ್ರಮ್ಸ್ ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ಕೊಳ್ಳಿ, ಇದು ಬಹಳ ಮುಖ್ಯ, ಯಾರೂ ಕೇಳಲ್ಲ ಇದನ್ನ. ಪಿಯಾನೋ ಮತ್ತೆ ಬೇಸ್ ಎರಡೇ ಇದ್ರೆ ಅದು ಇಬ್ಬರು ಕೂತು ಮಾತಾಡಿದ ಹಾಗೆ, ಮಧ್ಯದಲ್ಲಿ ಮೌನ ಬಂದ್ರೆ ಮೌನವೇ. ಡ್ರಮ್ಸ್ ಬಂದ್ರೆ ಕಾಲು ಆಡೋಕೆ ಶುರುವಾಗುತ್ತೆ, ಕೆಲವರಿಗೆ ಅದಿಲ್ದೆ ಇದ್ರೆ ನಿದ್ದೆ ಬಂದ್ಬಿಡುತ್ತೆ.

ಡ್ರಮ್ಸ್ ಬೇಡ ಅಂದೋರಿಗೆ ನನ್ನ ಹತ್ರ ಒಂದು ಒಳ್ಳೆ ಅನುಕೂಲ ಇದೆ, ಏನಂದ್ರೆ ಒಬ್ಬರೇ ಬೇಸ್ ವಾದಕರು ಮೂರು ಬೇರೆಬೇರೆ ಪಿಯಾನಿಸ್ಟ್‌ಗಳ ಜೊತೆ ಮಾಡಿರೋ ಮೂರು ಡ್ಯುಯೆಟ್ ಆಲ್ಬಂ ಇವೆ. ಚಾರ್ಲಿ ಹೇಡನ್. 1937ರಲ್ಲಿ ಅಮೆರಿಕದ ಐಯೋವಾ ರಾಜ್ಯದಲ್ಲಿ ಹುಟ್ಟಿದೋರು, ಮನೆಯವರೆಲ್ಲ ಸೇರಿ ರೇಡಿಯೋದಲ್ಲಿ ಕಂಟ್ರಿ ಹಾಡು ಹಾಡ್ತಿದ್ರು, ಇವರು ಮಾತು ಕಲಿಯೋ ವಯಸ್ಸಲ್ಲೇ ಅದರಲ್ಲಿ ಹಾಡ್ತಿದ್ದ ಮಗು, ಹದಿನೈದನೇ ವಯಸ್ಸಲ್ಲಿ ಪೋಲಿಯೋ ಬಂದು ಗಂಟಲಿಗೆ ಪೆಟ್ಟಾಗಿ ಹಾಡೋದು ನಿಂತೋಯ್ತು, ಆಮೇಲೆ ಹಿಡಿದಿದ್ದೇ ಬೇಸ್. ಅವರ ಬೇಸ್ ಕೇಳಿದ್ರೆ ಈ ಕಥೆ ಗೊತ್ತಿಲ್ದೆ ಇದ್ರೂ ಅನ್ಸುತ್ತೆ ಇದು ಹಾಡ್ತಾ ಇರೋ ಮನುಷ್ಯ ಅಂತ, ಬೆರಳು ಓಡಿಸಲ್ಲ, ಒಂದು ದಪ್ಪ ಸ್ವರ ಹಾಕಿ ಅದು ಪೂರ್ತಿ ಆರೋವರೆಗೂ ಬಿಟ್ಟುಕೊಡಲ್ಲ. ಬೇಸ್ ಒಂದೇ ಆಗಿರೋದ್ರಿಂದ ಮೂರರಲ್ಲಿ ಏನೇ ವ್ಯತ್ಯಾಸ ಕೇಳಿಸಿದ್ರೂ ಬಹುಪಾಲು ಅದು ಪಿಯಾನಿಸ್ಟ್‌ದೇ, ಹೋಲಿಸೋಕೆ ಇದಕ್ಕಿಂತ ಒಳ್ಳೆ ತಕ್ಕಡಿ ಸಿಗಲ್ಲ.

ಮೊದಲನೇದು 'ಸ್ಟೀಲ್ ಅವೇ', ಹ್ಯಾಂಕ್ ಜೋನ್ಸ್ ಜೊತೆ, 1995ರಲ್ಲಿ ಬಂದಿದ್ದು. ರೆಕಾರ್ಡ್ ಮಾಡುವಾಗ ಜೋನ್ಸ್ ಅವರಿಗೆ 75 ವರ್ಷ. ಈ ಮನುಷ್ಯನ ಬಗ್ಗೆ ಹೇಳೋಕೆ ಹೋದ್ರೆ ಅದೇ ಒಂದು ಲೇಖನ ಆಗುತ್ತೆ, ತಮ್ಮಂದಿರು ಥ್ಯಾಡ್ ಜೋನ್ಸ್, ಎಲ್ವಿನ್ ಜೋನ್ಸ್, ಒಬ್ಬರು ಟ್ರಂಪೆಟ್ ಒಬ್ಬರು ಡ್ರಮ್ಸ್, ಮೂರೂ ಜನ ಜಾಝ್ ಇತಿಹಾಸದಲ್ಲಿ ದೊಡ್ಡ ಹೆಸರು. 1962ರಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹ್ಯಾಪಿ ಬರ್ತ್‌ಡೇ ಹಾಡಿದ್ರಲ್ಲ, ಅದಕ್ಕೆ ಪಿಯಾನೋ ನುಡಿಸಿದ್ದೂ ಇವರೇ. ಈ ಆಲ್ಬಂನಲ್ಲಿ ಇರೋದು ಜಾಝ್ ಸ್ಟ್ಯಾಂಡರ್ಡ್‌ಗಳಲ್ಲ (ಅಂದ್ರೆ ಎಲ್ಲಾ ಜಾಝ್‌ನೋರೂ ನುಡಿಸೋ ಹಳೆ ಹಾಡುಗಳಲ್ಲ), ಆಫ್ರಿಕನ್ ಅಮೆರಿಕನ್ನರ ಸ್ಪಿರಿಚುಯಲ್‌ಗಳು, ಚರ್ಚಿನ ಹಾಡುಗಳು, ಕೆಲವು ಜನಪದ ಹಾಡುಗಳು, ಗುಲಾಮಗಿರಿ ಕಾಲದಿಂದ ಬಾಯಿಂದ ಬಾಯಿಗೆ ಬಂದ ರಾಗಗಳು. ಜೋನ್ಸ್ ಇವನ್ನ ಅಲಂಕಾರ ಮಾಡೋಕೇ ಹೋಗಿಲ್ಲ. ರಾಗನ ಇದ್ದ ಹಾಗೆ ಒಂದು ಸಲ ಹೇಳ್ತಾರೆ, ಎರಡನೇ ಸಲ ಎಡಗೈಯಲ್ಲಿ ಒಂದೋ ಎರಡೋ ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಬದಲಾಯಿಸ್ತಾರೆ, ಅಷ್ಟಕ್ಕೇ ಹಾಡಿನ ಬಣ್ಣ ಬೇರೆ ಆಗುತ್ತೆ. ಹೆಚ್ಚಿನವು ಸಣ್ಣಸಣ್ಣ ಹಾಡುಗಳು, ಸೋಲೋ (ಒಬ್ಬರೇ ಮುಂದೆ ಬಂದು ಮನಸ್ಸಿಗೆ ಬಂದ ಹಾಗೆ ನುಡಿಸೋ ಭಾಗ) ಅಂತ ಉದ್ದಕ್ಕೆ ಎಳೆಯೋದಿಲ್ಲ, ಹಾಡು ಮುಗೀತು ಅಂದ್ರೆ ಮುಗೀತು. ಜಾಝ್ ಅಂದ್ರೇನೇ ಗೊತ್ತಿಲ್ಲದ ಮನೆಯವರು ಕೂಡ ಇದನ್ನ ಆಫ್ ಮಾಡು ಅನ್ನಲ್ಲ. ಒಂದೇ ತಕರಾರು, ಎಲ್ಲಾ ಹಾಡೂ ಹೆಚ್ಚು ಕಮ್ಮಿ ಒಂದೇ ಮೂಡ್, ನಡುವೆ ಸ್ವಲ್ಪ ಕುಣಿಯೋಣ ಅನ್ನೋರಿಗೆ ಇದು ಸಾಲದು. ನಾನೂ ಎಷ್ಟೋ ಸಲ ಪೂರ್ತಿ ಕೇಳೋಣ ಅಂತ ಕೂತು ಆರನೇ ಹಾಡಿಗೇ ಕಣ್ಣು ಮುಚ್ಚಿದೀನಿ, ಅದು ಹೊಗಳಿಕೆನೋ ದೂರೋ ನೀವೇ ಹೇಳಿ.

ಎರಡನೇದು 'ನೈಟ್ ಅಂಡ್ ದ ಸಿಟಿ', ಕೆನ್ನಿ ಬ್ಯಾರನ್ ಜೊತೆ. ನ್ಯೂಯಾರ್ಕಿನ ಇರಿಡಿಯಂ ಕ್ಲಬ್‌ನಲ್ಲಿ 1996ರಲ್ಲಿ ಲೈವ್ ಮಾಡಿದ್ದು, ಹೊರಗೆ ಬಂದಿದ್ದು 1998ರಲ್ಲಿ. ಬ್ಯಾರನ್‌ಗೆ ಆಗ 53, ಅಂದ್ರೆ ಹ್ಯಾಂಕ್ ಜೋನ್ಸ್ ಮುಂದೆ ಹುಡುಗ, ಆದ್ರೆ ಅಷ್ಟೊತ್ತಿಗೆ ಮೂವತ್ತು ವರ್ಷಕ್ಕಿಂತ ಜಾಸ್ತಿ ವೃತ್ತಿಲಿದ್ದೋರು, ಸ್ಯಾಕ್ಸೋಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಅವರ ಕೊನೆ ದಿನಗಳಲ್ಲಿ ಜೊತೆಗಿದ್ದು 1991ರಲ್ಲಿ 'ಪೀಪಲ್ ಟೈಮ್' ಮಾಡಿದೋರು. ಇಲ್ಲಿ ಇರೋದು ಬರೀ ಏಳು ಹಾಡು, ಹಾಗಾಗಿ ಒಂದೊಂದೂ ಉದ್ದ, ಅದಕ್ಕೆ ತಕ್ಕ ಟೈಮ್ ಬೇಕು. ಬ್ಯಾರನ್ ಕೈ ಜೋನ್ಸ್‌ಗಿಂತ ಹೆಚ್ಚು ಓಡಾಡುತ್ತೆ, ಬಲಗೈ ರಾಗ ಬಿಟ್ಟು ದೂರ ಹೋಗಿ ಸುತ್ತಾಡ್ಕೊಂಡು ವಾಪಸ್ ಬರುತ್ತೆ, ಆದ್ರೆ ಎಲ್ಲೂ ಗಾಬರಿ ಇಲ್ಲ, ದಾರಿ ಗೊತ್ತಿರೋರ ಓಡಾಟ ಅದು. ಜನ ಇದಾರೆ, ಲೋಟದ ಸದ್ದು, ಚಪ್ಪಾಳೆ ಎಲ್ಲ ಇದೆ, ಅದು ಕೆಲವರಿಗೆ ಕಿರಿಕಿರಿ, ನನಗಂತೂ ಅದೇ ಬೇಕು. ಶುರುವಿನ ಹಾಡು 'ಟ್ವೈಲೈಟ್ ಸಾಂಗ್' ಬ್ಯಾರನ್ ಅವರೇ ಬರೆದಿದ್ದು, ಹಾಡಿನ ಮಧ್ಯದಲ್ಲಿ ಹೇಡನ್ ಒಬ್ಬರೇ ನುಡಿಸುವಾಗ ಬ್ಯಾರನ್ ಏನು ಮಾಡ್ತಾರೆ ಅಂತ ಗಮನ ಇಟ್ಟು ಕೇಳಿ, ಅಲ್ಲೊಂದು ಇಲ್ಲೊಂದು ಸ್ವರ, ಹೂಂ ಹೂಂ ಅಂತ ತಲೆಯಾಡಿಸಿದ ಹಾಗೆ, ಅಷ್ಟೇ.

ಮೂರನೇದು 'ಜಾಸ್ಮಿನ್', ಕೀತ್ ಜ್ಯಾರೆಟ್ ಜೊತೆ, 2007ರಲ್ಲಿ ಜ್ಯಾರೆಟ್ ಮನೆ ಸ್ಟುಡಿಯೋದಲ್ಲಿ ಮಾಡಿದ್ದು, 2010ರಲ್ಲಿ ಬಿಡುಗಡೆ. ಇವರಿಬ್ಬರೂ 1970ರ ದಶಕದಲ್ಲಿ ಜ್ಯಾರೆಟ್ ಅವರ ಕ್ವಾರ್ಟೆಟ್‌ನಲ್ಲಿ (ನಾಲ್ವರ ತಂಡ) ಒಟ್ಟಿಗೆ ಇದ್ದೋರು, ಆಮೇಲೆ ಮೂವತ್ತು ವರ್ಷ ಒಟ್ಟಿಗೆ ನುಡಿಸಿರಲೇ ಇಲ್ಲ. ಮನೆಯಲ್ಲಿ ಕೂತು, ಬೇರೆ ಯಾರೂ ಇಲ್ಲದೆ, ಹಳೆ ಪ್ರೇಮಗೀತೆಗಳನ್ನ ಒಂದಾದ್ಮೇಲೊಂದು ನುಡಿಸಿದಾರೆ. ಜ್ಯಾರೆಟ್ ಅಂದ ತಕ್ಷಣ ಕೆಲವರು ಹೆದರ್ತಾರೆ, ನುಡಿಸ್ತಾ ನುಡಿಸ್ತಾ ಮೂಗಲ್ಲೇ ಗುನುಗೋದು, ನರಳೋದು ಎಲ್ಲ ಇರುತ್ತೆ ಅಂತ, ಇದರಲ್ಲಿ ಅದು ಕಾಡೋ ಅಷ್ಟು ಇಲ್ಲ. ಮೂರರಲ್ಲಿ ಸದ್ದಿನ ಕ್ವಾಲಿಟಿ ಇದರದ್ದೇ ಹತ್ತಿರದ್ದು, ಪಿಯಾನೋ ಮುಂದೆ ಕುರ್ಚಿ ಹಾಕ್ಕೊಂಡು ಕೂತ ಹಾಗಿರುತ್ತೆ. ಆದ್ರೆ ನಿರಾಳದಲ್ಲಿ ಇದು ಸ್ವಲ್ಪ ಜೇನಿನ ಥರ, ಜಾಸ್ತಿ ಆದ್ರೆ ಗಂಟಲು ಕಟ್ಟುತ್ತೆ, ಒಂದೇ ಪಟ್ಟಿಗೆ ಪೂರ್ತಿ ಕೇಳೋಕೆ ನನ್ನ ಕೈಲಿ ಆಗಲ್ಲ, ನಾಲ್ಕು ಹಾಡು ಕೇಳಿ ಬಿಡೋದು, ಉಳಿದಿದ್ದು ಇನ್ನೊಂದು ರಾತ್ರಿಗೆ. 2018ರಲ್ಲಿ ಜ್ಯಾರೆಟ್‌ಗೆ ಎರಡು ಸಲ ಸ್ಟ್ರೋಕ್ ಆಗಿ ಎಡಗೈ ಸ್ವಾಧೀನ ತಪ್ಪಿತು, ಹೇಡನ್ 2014ರಲ್ಲೇ ಹೋದ್ರು, ಇದೆಲ್ಲ ತಲೆಯಲ್ಲಿಟ್ಕೊಂಡು ಕೇಳಿದ್ರೆ ನಿರಾಳ ಹೋಗಿ ಇನ್ನೇನೋ ಆಗುತ್ತೆ, ಆದ್ದರಿಂದ ಮೊದಲ ಸಲ ಕೇಳುವಾಗ ಮರೆತುಬಿಡಿ. ಇದೇ ಸೆಷನ್‌ನ ಉಳಿದ ಹಾಡುಗಳು 'ಲಾಸ್ಟ್ ಡಾನ್ಸ್' ಅಂತ 2014ರಲ್ಲಿ ಬಂತು, ಅದು ಜಾಸ್ಮಿನ್ ಇಷ್ಟ ಆದೋರಿಗೆ ಮಾತ್ರ.

ಡ್ರಮ್ಸ್ ಇರಲಿ ಅನ್ನೋರಿಗೆ ನಾನು ಮೊದಲು ಹೇಳೋದು ಡ್ಯೂಕ್ ಜೋರ್ಡನ್ ಅವರ 'ಫ್ಲೈಟ್ ಟು ಡೆನ್ಮಾರ್ಕ್'. ಹೆಸರು ಅಷ್ಟಾಗಿ ಕೇಳಿರಲ್ಲ. 1947ರಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಕ್ವಿಂಟೆಟ್‌ನಲ್ಲಿ (ಐವರ ತಂಡ) ಪಿಯಾನೋ ನುಡಿಸ್ತಿದ್ದ ಮನುಷ್ಯ, ಅಂದ್ರೆ ಜಾಝ್‌ನ ಗರ್ಭಗುಡಿಯಲ್ಲೇ ಇದ್ದೋರು, ಆಮೇಲೆ ಕೆಲಸ ಸಿಗದೆ 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸ್ತಿದ್ರು. 1973ರ ಕೊನೇಲಿ ಡೆನ್ಮಾರ್ಕಿಗೆ ಹೋಗಿ, 51ನೇ ವಯಸ್ಸಲ್ಲಿ ಈ ಆಲ್ಬಂ ಮಾಡಿದ್ರು. ಕವರ್ ನೋಡಿದ್ರೆ ಸುತ್ತ ಹಿಮ ಬಿದ್ದಿರೋ ಮರಗಳ ಮಧ್ಯೆ ಒಬ್ಬರೇ ನಿಂತಿದಾರೆ, ನೋಡಿದ ತಕ್ಷಣ ಚಳಿ ಆಗುತ್ತೆ, ಒಳಗಿರೋ ಸಂಗೀತ ಮಾತ್ರ ಕಂಬಳಿ ಹೊದ್ದ ಹಾಗಿದೆ. ಬೇಸ್‌ನಲ್ಲಿ ಮ್ಯಾಡ್ಸ್ ವಿಂಡಿಂಗ್ ಅಂತ ಇಪ್ಪತ್ತರ ಹರೆಯದ ಡೇನಿಶ್ ಹುಡುಗ, ಡ್ರಮ್ಸ್‌ನಲ್ಲಿ ಎಡ್ ಥಿಗ್ಪೆನ್, ಪಿಯಾನಿಸ್ಟ್ ಆಸ್ಕರ್ ಪೀಟರ್ಸನ್ ಅವರ ಟ್ರಿಯೋದಲ್ಲಿ (ಮೂವರ ತಂಡ) ವರ್ಷಗಟ್ಟಲೆ ಇದ್ದೋರು. ಥಿಗ್ಪೆನ್ ಕೋಲಿನ ಬದಲು ತಂತಿ ಬ್ರಷ್ ಹಿಡಿದ್ರೆ ಡ್ರಮ್ಸ್ ಅಂತ ಅನ್ಸೋದೇ ಇಲ್ಲ, ಒಣಗಿದೆಲೆ ಮೇಲೆ ಯಾರೋ ಕಾಲೆಳ್ಕೊಂಡು ನಿಧಾನಕ್ಕೆ ನಡೀತಾ ಇರೋ ಹಾಗೆ ಒಂದು ಸರಸರ, ಅದು ನಿಂತಾಗ ಮಾತ್ರ ಇಷ್ಟೊತ್ತು ಇತ್ತಲ್ಲ ಅಂತ ಗೊತ್ತಾಗೋದು.

ಇದನ್ನ ಮೊದಲು ಯಾಕೆ ಹೇಳ್ತೀನಿ ಅಂದ್ರೆ ಜೋರ್ಡನ್ ಮೂಲತಃ ರಾಗ ಕಟ್ಟೋ ಮನುಷ್ಯ. ಮೊದಲ ಹಾಡು 'ನೋ ಪ್ರಾಬ್ಲಂ' ಅವರದ್ದೇ, ಒಂದು ಸಲ ಕೇಳಿದ್ರೆ ಸಂಜೆವರೆಗೂ ಗುನುಗ್ತಾ ಇರ್ತೀರ. ಸೋಲೋ ಶುರುವಾದ್ಮೇಲೂ ಅವರು ಹಾಡೋಕೆ ಆಗೋವಂಥ ಸಾಲುಗಳನ್ನೇ ನುಡಿಸ್ತಾರೆ, ಬೆರಳಿನ ಕಸರತ್ತು ಇಲ್ಲ, ಹಾಗಾಗಿ ಜಾಝ್ ಹೊಸದಾಗಿ ಕೇಳೋರು ರಾಗ ಎಲ್ಲಿ ಹೋಯ್ತು ಅಂತ ಕಳೆದುಹೋಗಲ್ಲ. ಒಂದೇ ಎಚ್ಚರಿಕೆ, ಸಿಡಿ ಮಾಡುವಾಗ ಕೆಲವು ಹಾಡುಗಳ ಇನ್ನೊಂದು ಟೇಕ್ (ಅದೇ ಹಾಡನ್ನ ಮತ್ತೊಮ್ಮೆ ನುಡಿಸಿ ರೆಕಾರ್ಡ್ ಮಾಡಿದ್ದು) ಕೂಡ ಸೇರಿಸಿದಾರೆ, ಸ್ಟ್ರೀಮಿಂಗ್‌ನಲ್ಲೂ ಅದೇ ಸಿಗೋ ಚಾನ್ಸ್ ಜಾಸ್ತಿ, ಒಂದೇ ಹಾಡು ಎರಡೆರಡು ಸಲ ಬಂದ್ರೆ ಆಪ್ ಕೆಟ್ಟೋಗಿದೆ ಅಂದ್ಕೋಬೇಡಿ. ಮೊದಲ ಸಲ ಕೇಳುವಾಗ ಟೇಕ್ ಅಂತ ನಂಬರ್ ಹಾಕಿರೋ ಎರಡನೇ ಪ್ರತಿಗಳನ್ನ ಬಿಟ್ಟು ಮುಂದೆ ಹೋಗಿ, ಮೂಲ ಎಲ್‌ಪಿಯಲ್ಲಿ ಇದ್ದದ್ದು ಎಂಟೇ ಹಾಡು, ಆ ಅಳತೆಯೇ ಸರಿಯಾದ ಅಳತೆ.

ಟಾಮಿ ಫ್ಲಾನಗನ್ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಪಕ್ಷಪಾತಿ, ಮೊದಲೇ ಹೇಳ್ಬಿಡ್ತೀನಿ. 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 'ಜಯಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದಾಗ ಪಿಯಾನೋದಲ್ಲಿ ಇದ್ದೋರು ಇವರು, ಕಾರ್ಡ್‌ಗಳು ಕಣ್ಣು ಮಿಟುಕಿಸೋಷ್ಟರಲ್ಲಿ ಬದಲಾಗೋ ಹಾಡು, ಇವರ ಸೋಲೋ ಅದರಲ್ಲಿ ಎಲ್ಲರಿಗೂ ಕೇಳೋ ಹಾಗೆ ತಡವರಿಸುತ್ತೆ, ಕೊನೆಗೆ ಬರೀ ಕಾರ್ಡ್ ಹಾಕಿ ಸುಮ್ಮನಾಗ್ತಾರೆ. ಜಾಝ್ ಜಗತ್ತಿನಲ್ಲಿ ಇದನ್ನ ಆಡಿಕೊಳ್ಳದ ಜನ ಇಲ್ಲ. ಫ್ಲಾನಗನ್ ಏನೂ ಮಾತಾಡ್ಲಿಲ್ಲ, 1982ರಲ್ಲಿ ತಮ್ಮ ಟ್ರಿಯೋ ಕಟ್ಕೊಂಡು ಅದೇ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದ್ರು, ಆರಾಮಾಗಿ ನುಡಿಸಿದ್ರು. ಇಪ್ಪತ್ತಮೂರು ವರ್ಷ ಕಾದು ಕೊಟ್ಟ ಉತ್ತರ ಅದು. ನಾನು ನಿರಾಳ ಅಂತ ಏನು ಬಡ್ಕೋತಾ ಇದೀನೋ ಅದು ಈ ಮನುಷ್ಯನಲ್ಲಿದೆ.

ಅವರದ್ದು ತಗೋಬೇಕಾಗಿರೋದು 'ಸನ್‌ಸೆಟ್ ಅಂಡ್ ದ ಮಾಕಿಂಗ್‌ಬರ್ಡ್'. 1997ರ ಮಾರ್ಚ್ 16, ಅವರ 67ನೇ ಹುಟ್ಟುಹಬ್ಬದ ದಿನ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಲೈವ್. ನೆಲಮಾಳಿಗೆಯಲ್ಲಿರೋ ಸಣ್ಣ ಜಾಗ ಅದು, 1935ರಿಂದ ನಡೀತಾ ಇದೆ. ಬೇಸ್‌ನಲ್ಲಿ ಪೀಟರ್ ವಾಷಿಂಗ್ಟನ್, ಡ್ರಮ್ಸ್‌ನಲ್ಲಿ ಲೂಯಿಸ್ ನ್ಯಾಶ್, ಇಬ್ಬರೂ ಅವರ ಜೊತೆ ಪಳಗಿದೋರು. ಆಲ್ಬಂಗೆ ಹೆಸರು ಕೊಟ್ಟಿರೋ ಹಾಡಿನ ಹಿಂದೆ ಒಂದು ಚಂದದ ಕಥೆ ಇದೆ: ಎಲಿಂಗ್ಟನ್ ಫ್ಲಾರಿಡಾದಲ್ಲಿ ಕಾರಲ್ಲಿ ಹೋಗುವಾಗ ಸಂಜೆ ಹೊತ್ತಲ್ಲಿ ಒಂದು ಹಕ್ಕಿ ಕೂಗು ಕೇಳಿ ಅದನ್ನ ಬರ್ಕೊಂಡು ಹಾಡು ಮಾಡಿದ್ದು, ಅದು ರಾಣಿ ಎಲಿಜಬೆತ್‌ಗೆ ಅಂತ ಮಾಡಿದ ಕ್ವೀನ್ಸ್ ಸೂಟ್ ಅನ್ನೋ ಹಾಡುಗಳ ಮಾಲೆಯ ಭಾಗ, 1959ರಲ್ಲಿ ರೆಕಾರ್ಡ್ ಮಾಡಿ ಒಂದೇ ಒಂದು ಪ್ರತಿ ಒತ್ತಿಸಿ ರಾಣಿಗೆ ಕಳಿಸಿದ್ರು, ಉಳಿದೋರಿಗೆ ಕೇಳೋಕೆ ಸಿಕ್ಕಿದ್ದು 1976ರಲ್ಲಿ, ಎಲಿಂಗ್ಟನ್ ತೀರಿಹೋಗಿ ಎರಡು ವರ್ಷ ಆದ್ಮೇಲೆ. ಆ ಹಕ್ಕಿ ಕೂಗು ಫ್ಲಾನಗನ್ ಕೈಯಲ್ಲಿ ಮೇಲಿನ ಕೀಗಳಲ್ಲಿ ಬಂದುಹೋಗುತ್ತೆ, ಜೋರು ಮಾಡಿ ತೋರಿಸಲ್ಲ, ಬೇಕಾದ್ರೆ ಕೇಳಿಸ್ಕೊಳ್ಳಿ ಅನ್ನೋ ಹಾಗೆ.

ಈ ಆಲ್ಬಂನಲ್ಲಿ 'ಲೆಟ್ಸ್' ಅಂತ ಒಂದು ಸ್ಪೀಡ್ ಹಾಡಿದೆ, ಥ್ಯಾಡ್ ಜೋನ್ಸ್ ಬರೆದಿದ್ದು, ಅದು ಬಂದಾಗ ಇದೇನು ನಿರಾಳ ಅಂತ ಹೇಳಿ ಓಡಿಸ್ತಾ ಇದೀಯಲ್ಲ ಅಂತ ನನಗೆ ಬೈಬೇಡಿ. ಆ ವೇಗದಲ್ಲೂ ಮನುಷ್ಯನ ಉಸಿರು ಮೇಲೆ ಬಂದಿಲ್ಲ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತೆ. ಹಾಗಿದ್ರೂ ಜಾಝ್ ಮೊದಲ ಸಲ ಕೇಳೋರಿಗೆ ನಾನು ಇದನ್ನ ಕೊಡಲ್ಲ, ಇಲ್ಲಿರೋ ಹಾಡುಗಳು ಹೆಚ್ಚಿನೋರಿಗೆ ಪರಿಚಯ ಇಲ್ಲದವು, ರಾಗ ಗೊತ್ತಿಲ್ದೆ ಇದ್ರೆ ಅವರು ಅದನ್ನ ಎಷ್ಟು ನಯವಾಗಿ ತಿರುಗಿಸಿದ್ರು ಅನ್ನೋದು ಗೊತ್ತಾಗಲ್ಲ. ಬೇರೆ ಎರಡು ಮೂರು ಆಲ್ಬಂ ಕೇಳಿ ಆದ್ಮೇಲೆ ಬನ್ನಿ, ಇದು ಎಲ್ಲೂ ಓಡಿಹೋಗಲ್ಲ. ನನ್ನ ಹತ್ರ ಒಂದೇ ಉಳಿಸ್ಕೋ ಅಂದ್ರೆ ನಾನು ಉಳಿಸ್ಕೊಳ್ಳೋದು ಇದನ್ನೇ, ಆದ್ರೆ ನಿಮಗೆ ಅದೇ ಮೊದಲು ಕೊಟ್ರೆ ಮತ್ತೆ ಆ ಗೆಳೆಯನ ಕಥೆನೇ ಆಗುತ್ತೆ.

ಇನ್ನು ಕೌಂಟ್ ಬೇಸಿ. ಜೀವಮಾನ ಎಲ್ಲಾ ದೊಡ್ಡ ಬ್ಯಾಂಡ್ ನಡೆಸಿದ ಮನುಷ್ಯನ್ನ ನಿರ್ಮಾಪಕ ನಾರ್ಮನ್ ಗ್ರಾಂಝ್ 1974ರಲ್ಲಿ ಬರೀ ಬೇಸ್, ಡ್ರಮ್ಸ್ ಜೊತೆ ಕೂರಿಸಿ ಮಾಡಿಸಿದ ಟ್ರಿಯೋ ಆಲ್ಬಂ ಇದೆ, 'ಫಾರ್ ದ ಫಸ್ಟ್ ಟೈಮ್', ಬೇಸ್ ರೇ ಬ್ರೌನ್, ಡ್ರಮ್ಸ್ ಲೂಯಿ ಬೆಲ್ಸನ್. ಬೇಸಿಗೆ ಆಗ 69. ಕಮ್ಮಿ ಸ್ವರದಲ್ಲಿ ಕೆಲಸ ಮುಗಿಸೋದು ಅಂದ್ರೆ ಏನು ಅಂತ ನೋಡೋಕೆ ಇದಕ್ಕಿಂತ ಉದಾಹರಣೆ ಬೇಡ, ಟಿಂಕ್ ಅಂತ ಒಂದು, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ, ಮತ್ತೆ ಟಿಂಕ್ ಟಿಂಕ್, ಅಷ್ಟರಲ್ಲಿ ನಿಮ್ಮ ಕಾಲು ತಾಳ ಹಾಕ್ತಾ ಇರುತ್ತೆ. ಬ್ಲೂಸ್ ಜಾಸ್ತಿ, ನಗು ಜಾಸ್ತಿ. ಕೆಲವು ಕಡೆ ಪಿಯಾನೋ ಬಿಟ್ಟು ಆರ್ಗನ್ ನುಡಿಸಿದಾರೆ, ನನಗೆ ಆ ಹಾಡುಗಳು ಅಷ್ಟಕ್ಕಷ್ಟೇ. ಮನಸ್ಸು ಖುಷಿಯಾಗಿರೋ ಭಾನುವಾರ ಬೆಳಿಗ್ಗೆಗೆ ಸರಿ, ರಾತ್ರಿಗಲ್ಲ.

ಪಿಯಾನಿಸ್ಟ್ ಅಹ್ಮದ್ ಜಮಾಲ್ ಯಾಕಿಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅವರ ಪ್ರಸಿದ್ಧ ಪರ್ಶಿಂಗ್ ಆಲ್ಬಂ 1958ರಲ್ಲಿ ಶಿಕಾಗೋದಲ್ಲಿ ಮಾಡಿದ್ದು, ನಿರಾಳಕ್ಕೆ ಪಾಠದ ಹಾಗಿದೆ, ಆದ್ರೆ ಅವರಿಗೆ ಆಗ 27 ವರ್ಷ, ವಯಸ್ಸಾದೋರು ಅನ್ನೋ ನನ್ನ ಥಿಯರಿನೇ ಬುಡಮೇಲು ಮಾಡುತ್ತೆ, ಅದಕ್ಕೇ ಹೊಟ್ಟೆಕಿಚ್ಚಿಗೆ ಬಿಟ್ಟಿದೀನಿ ಅಂದ್ಕೊಳ್ಳಿ.

ಕೇಳೋ ರೀತಿ ಬಗ್ಗೆ ಒಂದು ಮಾತು, ಯಾಕಂದ್ರೆ ಇದರಲ್ಲೇ ಅರ್ಧ ಜನ ಎಡವೋದು. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಮಿಡಿಯುತ್ತೆ, ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಹೊರಡಿಸೋಕೆ ಆಗೋದೇ ಇಲ್ಲ. ಅಂದ್ರೆ ಹೇಡನ್ ಆಲ್ಬಂನ ಫೋನಲ್ಲಿ ಹಾಗೇ ಹಾಕಿದ್ರೆ ಇಬ್ಬರ ಮಾತುಕತೆಯಲ್ಲಿ ಒಬ್ಬರ ಮಾತು ಬಹುಪಾಲು ಕೇಳ್ಸೋದೇ ಇಲ್ಲ, ಪಿಯಾನೋ ಒಂದೇ ಖಾಲಿಖಾಲಿಯಾಗಿ ಟಿಣಿಟಿಣಿ ಅಂತಿರುತ್ತೆ, ಆಮೇಲೆ ಬೋರಿಂಗ್ ಅಂತೀರ. ಒಬ್ಬರು ನನಗೆ ಹಾಗೇ ಹೇಳಿದ್ರು, ಸ್ಟೀಲ್ ಅವೇ ಬಗ್ಗೆ, ಏನೂ ಆಗ್ತಾನೇ ಇಲ್ಲವಲ್ಲ ಅಂತ, ಆಮೇಲೆ ಕೇಳಿದ್ರೆ ಫೋನ್‌ನ ಮೇಜಿನ ಮೇಲೆ ಮಕಾಡೆ ಮಲಗಿಸಿ ಕೇಳಿದ್ರಂತೆ. ದುಬಾರಿ ಸೆಟ್ ಏನೂ ಬೇಡ, ಸಾಧಾರಣ ಹೆಡ್‌ಫೋನ್ ಸಾಕು. ಹೆಡ್‌ಫೋನ್ ಹಾಕ್ಕೊಂಡ್ರೆ ಬೇಸ್ ತಂತಿ ಮರಕ್ಕೆ ತಾಗೋ ಟಕ್ ಅನ್ನೋ ಸದ್ದು ಕೂಡ ಸಿಗುತ್ತೆ.

ಮತ್ತೆ ಬೇಸ್‌ನ ಹಿಡಿದುಕೊಂಡು ಕೇಳೋದು ಕಲಿತ್ರೆ ಈ ಆಲ್ಬಂಗಳು ಅರ್ಥ ಆಗೋದು ಸುಲಭ. ಟ್ರಿಯೋ ಹಾಡುಗಳಲ್ಲಿ ಎಷ್ಟೋ ಸಲ ಶುರುವಲ್ಲಿ ಬೇಸ್ ನಾಲ್ಕು ಎಣಿಕೆಗೆ ಎರಡೇ ಸ್ವರ ಹಾಕ್ತಾ ಇರುತ್ತೆ, ಒಂದು, ಮೂರು, ಒಂದು, ಮೂರು, ತೂಗುಯ್ಯಾಲೆ ಥರ, ಪಿಯಾನೋ ಸೋಲೋ ಶುರುವಾದ್ಮೇಲೆ ನಾಲ್ಕಕ್ಕೆ ನಾಲ್ಕೂ ಹಾಕಿ ನಡೆಯೋಕೆ ಶುರು ಮಾಡುತ್ತೆ. ಹಾಡಿನ ವೇಗ ಒಂದಿಷ್ಟೂ ಬದಲಾಗಿರಲ್ಲ, ಆದ್ರೂ ಗಾಡಿ ಗೇರ್ ಬದಲಾಯಿಸಿದ ಹಾಗೆ ಅನ್ಸುತ್ತೆ. ಯಾವ ಕ್ಷಣದಲ್ಲಿ ಬದಲಾಯ್ತು ಅಂತ ಹಿಡೀರಿ, ಎರಡು ಹಾಡಲ್ಲಿ ಹಿಡಿದ್ರೆ ಮೂರನೇದರಲ್ಲಿ ತಾನೇ ಗೊತ್ತಾಗುತ್ತೆ.

ಹಾಗಾದ್ರೆ ಯಾವುದು ತಗೊಳ್ಳೋದು? ಜಾಝ್ ಹೊಸದು ಅಂದ್ರೆ ಕಣ್ಣು ಮುಚ್ಕೊಂಡು ಫ್ಲೈಟ್ ಟು ಡೆನ್ಮಾರ್ಕ್. ಜಾಝ್ ಬೇಕೋ ಬೇಡವೋ ಗೊತ್ತಿಲ್ಲ, ನೆಮ್ಮದಿ ಸಾಕು ಅಂದ್ರೆ ಸ್ಟೀಲ್ ಅವೇ. ಓದೋಕೋ ಬರೆಯೋಕೋ ಕೂತಾಗ ಹಿಂದೆ ಇರಲಿ ಅಂದ್ರೆ ನೈಟ್ ಅಂಡ್ ದ ಸಿಟಿ ಉದ್ದ ಇರೋದ್ರಿಂದ ಪದೇಪದೇ ಎದ್ದು ಬದಲಾಯಿಸೋ ರಗಳೆ ಇಲ್ಲ, ಆದ್ರೆ ಹತ್ತು ನಿಮಿಷದಲ್ಲಿ ಓದೋದು ಬಿಟ್ಟು ಕೇಳ್ತಾ ಕೂತಿರ್ತೀರ, ಅದಕ್ಕೆ ನಾನು ಜವಾಬ್ದಾರ ಅಲ್ಲ. ಈಗಾಗಲೇ ಸ್ವಲ್ಪ ಕಿವಿ ಪಳಗಿದೆ ಅಂದ್ರೆ ತಡ ಮಾಡದೆ ಫ್ಲಾನಗನ್.

ಜಾಸ್ಮಿನ್ ಮತ್ತೆ ನೈಟ್ ಅಂಡ್ ದ ಸಿಟಿ ನಡುವೆ ಒದ್ದಾಡ್ತಾ ಇದ್ರೆ ಒಂದು ಸುಲಭ ಪರೀಕ್ಷೆ ಇದೆ. ಎರಡರಲ್ಲೂ 'ಬಾಡಿ ಅಂಡ್ ಸೋಲ್' ಇದೆ, 1930ರ ಹಾಡು, ಜಾಝ್‌ನಲ್ಲಿ ಇದನ್ನ ನುಡಿಸದ ಪಿಯಾನಿಸ್ಟ್ ಸಿಗೋದು ಕಷ್ಟ. ಹಾಡಿನ ಕಟ್ಟಡ ಸರಳ, ಒಂದೇ ರಾಗ ಎರಡು ಸಲ, ಆಮೇಲೆ ಮಧ್ಯದಲ್ಲಿ ಬೇರೆ ರಾಗ, ಮತ್ತೆ ಮೊದಲಿನದ್ದು, ಒಟ್ಟು 32 ಬಾರ್ (ಬಾರ್ ಅಂದ್ರೆ ನಾಲ್ಕು ಎಣಿಕೆಯ ಒಂದು ಸುತ್ತು). ಆ ಮಧ್ಯದ ಭಾಗ ಬಂದಾಗ ಶ್ರುತಿ ಅರ್ಧ ಸ್ವರ ಮೇಲಕ್ಕೆ ಹೋಗುತ್ತೆ, ಥಿಯರಿ ಗೊತ್ತಿಲ್ದೆ ಇದ್ರೂ ಯಾರೋ ಕಿಟಕಿ ತೆಗೆದ ಹಾಗೆ ಅನ್ಸುತ್ತೆ, ಆಮೇಲೆ ಮೆಲ್ಲಗೆ ಮೊದಲಿದ್ದ ಜಾಗಕ್ಕೇ ಇಳಿಯುತ್ತೆ. ಬೇಸ್ ಎರಡರಲ್ಲೂ ಹೇಡನ್. ಬ್ಯಾರನ್ ಆ ಕಿಟಕಿ ಹತ್ರ ಏನು ಮಾಡ್ತಾರೆ, ಜ್ಯಾರೆಟ್ ಏನು ಮಾಡ್ತಾರೆ, ವಾಪಸ್ ಇಳಿಯುವಾಗ ಯಾರು ಹೊತ್ತು ತಗೋತಾರೆ, ಬರೀ ಅಷ್ಟನ್ನ ಕೇಳಿ. ಒಂದಾದ್ಮೇಲೊಂದು ಹಾಕಿ, ನಡುವೆ ಫೋನ್ ಮುಟ್ಟಬೇಡಿ, ಯಾವುದು ಮುಗಿದಾಗ ಅಯ್ಯೋ ಮುಗೀತಾ ಅನ್ಸುತ್ತೋ ಆ ಆಲ್ಬಂ ತಗೊಳ್ಳಿ.